ಅಕ್ಕನ ಗ್ಯಾಸ್ಟ್ರಿಕ್ ಬೈಪಾಸ್: ಮನೆಯವರು ತಿಳಿದಿರಬೇಕಾದದ್ದು

ಬೊಜ್ಜಿಗೆಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ವಿಷಯ ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, "ಬಾಯಿ ಕಟ್ಟೋಕೆ ಆಗದೆ ಹೊಟ್ಟೆ ಕೊಯ್ಸಿಕೊಂಡರು" ಎಂಬುದು. ಇನ್ನೊಂದು, "ಆಪರೇಷನ್ ಆಯ್ತಲ್ಲ, ಇನ್ನೇನು ಚಿಂತೆ" ಎಂಬುದು. ನನ್ನ ಅಕ್ಕನಿಗೆ ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ಉಂಡದ್ದು ಜಠರದ ಬಹುಭಾಗವನ್ನು ಮುಟ್ಟದೆ ಕರುಳಿಗೆ ಹೋಗುವಂತೆ ಮಾಡುವ ಶಸ್ತ್ರಚಿಕಿತ್ಸೆ, ಆಗಿ ಕೆಲವು ವರ್ಷಗಳಾಗಿವೆ. ಈ ಎರಡೂ ಮಾತುಗಳನ್ನು ನಮ್ಮ ಮನೆಯವರೆಲ್ಲ ಸಾಕಷ್ಟು ಕೇಳಿದ್ದೇವೆ. ಮೊದಲನೆಯದು ಮನಸ್ಸನ್ನು ನೋಯಿಸುತ್ತದೆ, ಅಷ್ಟೆ. ಎರಡನೆಯದು ರೋಗಿಯನ್ನೂ ಮನೆಯವರನ್ನೂ ಮೈಮರೆಸುತ್ತದೆ. ಆದ್ದರಿಂದ ಅದೇ ಹೆಚ್ಚು ಅಪಾಯಕಾರಿ ಎಂದು ನಾನು ಭಾವಿಸುತ್ತೇನೆ. ಶಸ್ತ್ರಚಿಕಿತ್ಸಕರ ಕೆಲಸ ಎರಡು ಮೂರು ಗಂಟೆಗಳಲ್ಲಿ ಮುಗಿಯುತ್ತದೆ. ಅದರ ನಂತರ ಜೀವಮಾನವಿಡೀ ನಡೆಯಬೇಕಾದ ಚಿಕಿತ್ಸೆಯ ಬಹುಪಾಲು ಮನೆಯ ಅಡುಗೆಮನೆಯಲ್ಲಿ, ಊಟದ ತಟ್ಟೆಯಲ್ಲಿ, ಮಾತ್ರೆಯ ಡಬ್ಬಿಯಲ್ಲಿ ನಡೆಯುತ್ತದೆ. ಅಕ್ಕನ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ಅಕ್ಕ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಶಸ್ತ್ರಚಿಕಿತ್ಸೆಗೆ ಮೊದಲು ಅವಳ ಎತ್ತರ 156 ಸೆಂಟಿಮೀಟರ್, ತೂಕ 98 ಕೆ.ಜಿ. ಇತ್ತು, ಅಂದರೆ ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಅಳೆಯುವ ಬಿಎಂಐ 40ಕ್ಕಿಂತ ಕೊಂಚ ಮೇಲೆ. ಸಕ್ಕರೆ ಕಾಯಿಲೆ ಮಾತ್ರೆಗಳಿಗೆ ಬಗ್ಗದೆ ಇನ್ಸುಲಿನ್‌ಗೆ ಬಂದಿತ್ತು. ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟುತ್ತಿದ್ದುದರಿಂದ ಮೂಗಿಗೆ ಯಂತ್ರದ ಮಾಸ್ಕ್ ಹಾಕಿಕೊಂಡು ಮಲಗಬೇಕಾಗಿತ್ತು. ಮಂಡಿನೋವಿನಿಂದಾಗಿ ಒಂದು ಪೀರಿಯಡ್ ಪೂರ್ತಿ ಕಪ್ಪುಹಲಗೆಯ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಬಾಯಿ ಕಟ್ಟಲಿಲ್ಲ ಎಂದು ಅವಳನ್ನು ದೂರುವವರು ಅವಳ ಹಿಂದಿನ ವರ್ಷಗಳನ್ನು ನೋಡಿಲ್ಲ. ಬೆಳಗಿನ ನಡಿಗೆ, ಅನ್ನ ಬಿಟ್ಟ ಊಟ, ಆಹಾರ ತಜ್ಞರ ಚೀಟಿ ಇವೆಲ್ಲವನ್ನೂ ಅವಳು ಶ್ರದ್ಧೆಯಿಂದ ಪಾಲಿಸಿದ್ದಳು. ತೂಕ ಇಳಿಯುತ್ತಲೂ ಇತ್ತು. ಆದರೆ ಇಳಿದದ್ದೆಲ್ಲ ಒಂದೆರಡು ವರ್ಷದೊಳಗೆ ಮತ್ತೆ ಏರುತ್ತಿತ್ತು.

ಹೀಗಾಗುವುದಕ್ಕೆ ಸ್ಪಷ್ಟವಾದ ಕಾರಣವಿದೆ. ತೂಕ ಇಳಿದ ಕೂಡಲೇ ದೇಹವು ಅದನ್ನು ಬರಗಾಲವೆಂದೇ ಎಣಿಸಿ ತನ್ನ ರಕ್ಷಣೆಗೆ ಇಳಿಯುತ್ತದೆ: ಹಸಿವನ್ನು ಹೆಚ್ಚಿಸುವ ಗ್ರೆಲಿನ್ ಹಾರ್ಮೋನ್ ಏರುತ್ತದೆ, ಹೊಟ್ಟೆ ತುಂಬಿತೆಂದು ಮೆದುಳಿಗೆ ತಿಳಿಸುವ ಹಾರ್ಮೋನ್‌ಗಳು ತಗ್ಗುತ್ತವೆ, ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗುತ್ತದೆ. ತೀವ್ರ ಸ್ಥೂಲಕಾಯ ಇರುವವರು ಹೋರಾಡುವುದು ಬರಿಯ ನಾಲಿಗೆಯ ಚಪಲದ ಜೊತೆಯಲ್ಲಲ್ಲ, ತಮ್ಮ ದೇಹದ ಈ ಏರ್ಪಾಟಿನ ಜೊತೆಯಲ್ಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಂಗಸರಲ್ಲಿಯೂ ಗಂಡಸರಲ್ಲಿಯೂ ಸುಮಾರು ಶೇ 30ರಷ್ಟು ಮಂದಿಯ ತೂಕ ಇರಬೇಕಾದುದಕ್ಕಿಂತ ಹೆಚ್ಚಿದೆ. ಅವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಬೇಕಾದವರಿಗೆ ಅದನ್ನು ಅವಮಾನದ ಸಂಗತಿಯಾಗಿ ಮಾಡಬಾರದು ಎಂಬುದಷ್ಟೇ ನನ್ನ ಮಾತು.

ಗ್ಯಾಸ್ಟ್ರಿಕ್ ಬೈಪಾಸ್ ಹುಟ್ಟಿದ್ದು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ. ಜಠರದ ಹುಣ್ಣಿಗಾಗಿ ಜಠರದ ಒಂದು ಭಾಗವನ್ನು ತೆಗೆಸಿಕೊಂಡ ರೋಗಿಗಳು ಮತ್ತೆ ದಪ್ಪಗಾಗುವುದೇ ಕಷ್ಟವೆಂಬುದನ್ನು ಗಮನಿಸಿದ್ದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರಚಿಕಿತ್ಸಕರು, ಸಹೋದ್ಯೋಗಿ ಚಿಕಾಶಿ ಇಟೊ ಅವರೊಡನೆ 1966ರಲ್ಲಿ ಬೊಜ್ಜಿಗಾಗಿಯೇ ಮೊದಲ ಬೈಪಾಸ್ ಮಾಡಿದರು. ಅದಕ್ಕೂ ಹಿಂದೆ, 1950ರ ದಶಕದಲ್ಲಿ, ಆಹಾರವು ಸಣ್ಣ ಕರುಳಿನ ಬಹುಭಾಗವನ್ನು ಮುಟ್ಟದೆ ಹೋಗುವಂತೆ ಮಾಡುವ ಬೇರೊಂದು ಶಸ್ತ್ರಚಿಕಿತ್ಸೆ ಬಳಕೆಗೆ ಬಂದಿತ್ತು. ಅದರಿಂದ ಯಕೃತ್ತು ಕೆಡುವುದು, ಮೂತ್ರಪಿಂಡದಲ್ಲಿ ಕಲ್ಲಾಗುವುದು ಮುಂತಾದ ತೊಂದರೆಗಳು ಕಂಡುಬಂದು ಅದನ್ನು ಕೈಬಿಡಲಾಯಿತು. ಮೇಸನ್ ಅವರ ವಿಧಾನವೂ ಇದ್ದ ಹಾಗೆಯೇ ಉಳಿಯಲಿಲ್ಲ. ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ಸೀಸರ್ ರೂ ಅವರು ಬಹಳ ಹಿಂದೆಯೇ ಜಠರದ ಬೇರೆ ಕಾಯಿಲೆಗಳಿಗೆ ಬಳಸುತ್ತಿದ್ದ, ಕರುಳನ್ನು ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಜೋಡಿಸುವ ಕ್ರಮವು 1970ರ ದಶಕದಲ್ಲಿ ಇದಕ್ಕೆ ಸೇರಿತು. 1994ರಲ್ಲಿ ಅಮೆರಿಕದ ಅಲನ್ ವಿಟ್‌ಗ್ರೋವ್ ಮತ್ತು ಸಂಗಡಿಗರು ಇದೇ ಶಸ್ತ್ರಚಿಕಿತ್ಸೆಯನ್ನು ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಯ ಮೇಲೆ ಸಣ್ಣ ರಂಧ್ರಗಳ ಮೂಲಕ, ಮಾಡಿದ್ದನ್ನು ವರದಿ ಮಾಡಿದರು. ಅಕ್ಕನ ಹೊಟ್ಟೆಯ ಮೇಲೆ ಈಗ ಉಳಿದಿರುವುದು ಬೆರಳಿನ ಉಗುರಿನಷ್ಟು ಅಗಲದ ಕೆಲವು ಗುರುತುಗಳು ಮಾತ್ರ.

ಒಳಗೆ ಮಾಡುವುದು ಇಷ್ಟು. ಅನ್ನನಾಳ ಬಂದು ಸೇರುವ ಜಾಗದಲ್ಲಿ ಜಠರದ ಮೇಲ್ತುದಿಯನ್ನು ಸ್ಟೇಪ್ಲರ್‌ನಿಂದ ಬೇರ್ಪಡಿಸಿ, 15ರಿಂದ 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವೊಂದನ್ನು ಮಾಡುತ್ತಾರೆ. ಉಳಿದ ದೊಡ್ಡ ಜಠರವನ್ನು ಕಿತ್ತು ಹೊರಗೆ ತೆಗೆಯುವುದಿಲ್ಲ. ಅದು ತನ್ನ ಜಾಗದಲ್ಲಿಯೇ ಇದ್ದು ಜೀರ್ಣರಸ ಸುರಿಸುತ್ತಲೇ ಇರುತ್ತದೆ, ಆಹಾರ ಮಾತ್ರ ಅಲ್ಲಿಗೆ ಹೋಗುವುದಿಲ್ಲ. ಬಳಿಕ ಸಣ್ಣ ಕರುಳನ್ನು ಅದರ ಆರಂಭದಿಂದ ಸ್ವಲ್ಪ ದೂರದಲ್ಲಿ ಕತ್ತರಿಸಿ, ಕೆಳಗಿನ ತುದಿಯನ್ನು ಮೇಲಕ್ಕೆ ತಂದು ಪುಟ್ಟ ಚೀಲಕ್ಕೆ ಜೋಡಿಸುತ್ತಾರೆ. ಪಿತ್ತರಸವನ್ನೂ ಮೇದೋಜ್ಜೀರಕ ಗ್ರಂಥಿಯ ರಸವನ್ನೂ ಹೊತ್ತು ತರುವ ಮೇಲಿನ ತುದಿಯನ್ನು ಸುಮಾರು ಒಂದು ಮೀಟರಿನಷ್ಟು ಕೆಳಗೆ ಸೇರಿಸುತ್ತಾರೆ. ನಾಲೆಯ ಮೊದಲ ತೂಬನ್ನು ಮುಚ್ಚಿ ನೀರನ್ನು ಬೇರೆ ಕಾಲುವೆಯಲ್ಲಿ ಹರಿಸಿ ಕೆಳಗಿನ ಗದ್ದೆಗೆ ಮುಟ್ಟಿಸಿದ ಹಾಗೆ, ಉಂಡ ಆಹಾರ ದೊಡ್ಡ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ನೇರವಾಗಿ ಮುಂದಕ್ಕೆ ಹೋಗುತ್ತದೆ. ಇದಕ್ಕೂ, ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್‌ಗೂ ಯಾವ ಸಂಬಂಧವೂ ಇಲ್ಲ. ಅದು ಮೈಯ ಆಕಾರ ತಿದ್ದುವ ಸೌಂದರ್ಯ ಚಿಕಿತ್ಸೆ. ಬೆಂಗಳೂರಿನಲ್ಲಿ 2022ರಲ್ಲಿ ಯುವ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡ ಸುದ್ದಿಯನ್ನು ನೆನಪಿಸಿ ಅಕ್ಕನನ್ನು ಹೆದರಿಸಿದವರು ಹಲವರು. ಎರಡನ್ನೂ ಒಂದೇ ಎಂದು ತಿಳಿಯುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂಬುದು ಆಗ ಅರ್ಥವಾಯಿತು.

ಜಠರ ಚಿಕ್ಕದಾಗಿ ಊಟ ಕಡಿಮೆಯಾಯಿತು, ಆದ್ದರಿಂದ ತೂಕ ಇಳಿಯಿತು ಎಂದು ಬಹಳ ಕಾಲ ವೈದ್ಯರೂ ನಂಬಿದ್ದರು. ಅದು ಅರ್ಧ ಸತ್ಯ. ಆಹಾರವು ಕರುಳಿನ ಕೆಳಭಾಗವನ್ನು ಬೇಗ ತಲುಪುವುದರಿಂದ ಜಿಎಲ್‌ಪಿ-1, ಪಿವೈವೈ ಎಂಬ ಹಾರ್ಮೋನ್‌ಗಳು ಊಟದ ನಂತರ ಹಲವು ಪಟ್ಟು ಹೆಚ್ಚಾಗಿ ಹರಿಯುತ್ತವೆ. ಇವು ಹಸಿವನ್ನು ತಗ್ಗಿಸುತ್ತವೆ, ಜಿಎಲ್‌ಪಿ-1 ಇನ್ಸುಲಿನ್ ಸ್ರವಿಸುವಿಕೆಯನ್ನೂ ಚುರುಕುಗೊಳಿಸುತ್ತದೆ. ಹೀಗಾಗಿ ಸಕ್ಕರೆ ಕಾಯಿಲೆಯ ಮೇಲೆ ಈ ಶಸ್ತ್ರಚಿಕಿತ್ಸೆಯ ಪರಿಣಾಮ ತೂಕ ಇಳಿಯುವುದಕ್ಕೆ ಮೊದಲೇ, ಕೆಲವೇ ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಉತ್ತರ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ ವಾಲ್ಟರ್ ಪೊರೀಸ್ ಮತ್ತು ಸಂಗಡಿಗರು 14 ವರ್ಷಗಳಲ್ಲಿ ಬೈಪಾಸ್ ಮಾಡಿದ 608 ರೋಗಿಗಳ ವಿವರವನ್ನು 1995ರಲ್ಲಿ ಪ್ರಕಟಿಸಿದಾಗ, ಅವರಲ್ಲಿ ಎರಡನೇ ಬಗೆಯ ಸಕ್ಕರೆ ಕಾಯಿಲೆ ಇದ್ದವರ ಪೈಕಿ ಸುಮಾರು ಶೇ 83ರಷ್ಟು ಮಂದಿಯ ಸಕ್ಕರೆ ಸಹಜ ಮಟ್ಟಕ್ಕೆ ಬಂದಿತ್ತು. ಅಕ್ಕ ಆಸ್ಪತ್ರೆಯಿಂದ ಮನೆಗೆ ಬರುವಾಗಲೇ ಇನ್ಸುಲಿನ್ ಅರ್ಧಕ್ಕಿಂತ ಕಡಿಮೆಯಾಗಿತ್ತು, ತಿಂಗಳು ಕಳೆಯುವುದರಲ್ಲಿ ನಿಂತೇಹೋಯಿತು. ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರದಲ್ಲಿ 110 ಎಂದು ಕಂಡಾಗ ಅವಳು ನಂಬದೆ ಇನ್ನೊಂದು ಬೆರಳು ಚುಚ್ಚಿ ನೋಡಿದಳು.

ಆದರೆ "ವಾಸಿಯಾಯಿತು" ಎನ್ನುವ ಪದವನ್ನು ನಾನು ಬಳಸುವುದಿಲ್ಲ. 1987ರಲ್ಲಿ ಸ್ವೀಡನ್‌ನಲ್ಲಿ ಆರಂಭವಾದ ದೊಡ್ಡ ಅಧ್ಯಯನವೊಂದು ಶಸ್ತ್ರಚಿಕಿತ್ಸೆ ಪಡೆದ ಸುಮಾರು ಎರಡು ಸಾವಿರ ಮಂದಿಯನ್ನೂ ಪಡೆಯದ ಅಷ್ಟೇ ಮಂದಿಯನ್ನೂ ದಶಕಗಳ ಕಾಲ ಗಮನಿಸಿತು. ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಎರಡು ವರ್ಷಕ್ಕೆ ಶೇ 72ರಷ್ಟು ಮಂದಿಯ ಸಕ್ಕರೆ ಕಾಯಿಲೆ ಔಷಧವಿಲ್ಲದೆಯೇ ಹತೋಟಿಯಲ್ಲಿತ್ತು. ಹದಿನೈದು ವರ್ಷಕ್ಕೆ ಆ ಪ್ರಮಾಣ ಶೇ 30ಕ್ಕೆ ಇಳಿದಿತ್ತು. ಅವರಲ್ಲಿ ಹೆಚ್ಚಿನವರಿಗೆ ಆಗಿದ್ದುದು ಬೈಪಾಸ್ ಅಲ್ಲ, ಅಂದಿನ ಬೇರೆ ಬಗೆಯ ಶಸ್ತ್ರಚಿಕಿತ್ಸೆಗಳು ಎಂಬುದು ನಿಜ. ಬೈಪಾಸ್ ಆದವರ ತೂಕವೂ ಮೊದಲಿಗೆ ಸರಾಸರಿ ಶೇ 32ರಷ್ಟು ಇಳಿದು, ಹತ್ತು ವರ್ಷದ ಹೊತ್ತಿಗೆ ಶೇ 25ರ ಇಳಿಕೆಯಲ್ಲಿ ನಿಂತಿತ್ತು. ಅಂದರೆ ಒಂದಿಷ್ಟು ತೂಕ ಮರಳುವುದು ಸಹಜವೇ ಹೊರತು ರೋಗಿಯ ಸೋಲಲ್ಲ. ಅದೇ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಪಡೆದವರ ಗುಂಪಿನಲ್ಲಿ ಸಾವಿನ ಪ್ರಮಾಣ ಕಾಲು ಭಾಗದಷ್ಟು ಕಡಿಮೆಯಿತ್ತು. ಇಷ್ಟು ಲಾಭ ತರುವ ಚಿಕಿತ್ಸೆಯನ್ನು ಸೋಮಾರಿಗಳ ಅಡ್ಡದಾರಿ ಎನ್ನುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಈಗ ಚುಚ್ಚುಮದ್ದು ಬಂದಿರುವಾಗ ಶಸ್ತ್ರಚಿಕಿತ್ಸೆ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಜಿಎಲ್‌ಪಿ-1ರಂತೆ ವರ್ತಿಸುವ ಸೆಮಾಗ್ಲುಟೈಡ್ ಮತ್ತು ಟಿರ್ಜೆಪಟೈಡ್ ಔಷಧಗಳು 2025ರಲ್ಲಿ ವೆಗೋವಿ, ಮೌಂಜಾರೊ ಎಂಬ ಹೆಸರುಗಳಲ್ಲಿ ನಮ್ಮ ದೇಶದ ಮಾರುಕಟ್ಟೆಗೂ ಬಂದಿವೆ. ಪ್ರಯೋಗಗಳಲ್ಲಿ ಮೊದಲನೆಯದರಿಂದ ಸರಾಸರಿ ಶೇ 15ರಷ್ಟು, ಎರಡನೆಯದರ ಅತಿ ಹೆಚ್ಚಿನ ಪ್ರಮಾಣದಿಂದ ಶೇ 20ರ ಆಸುಪಾಸಿನಷ್ಟು ತೂಕ ಇಳಿದಿದೆ. ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳುತ್ತದೆ, ಆದ್ದರಿಂದ ವರ್ಷಗಟ್ಟಲೆ ಖರ್ಚು ಭರಿಸುವ ಶಕ್ತಿ ಬೇಕು. ಬಿಎಂಐ ಅಷ್ಟಾಗಿ ಏರಿರದವರಿಗೆ ಔಷಧವೇ ಒಳ್ಳೆಯ ದಾರಿಯಾಗಬಹುದು. ಅಕ್ಕನಂತೆ ಬಿಎಂಐ 40 ದಾಟಿ, ಇನ್ಸುಲಿನ್ ಹಿಡಿದವರಿಗೆ ಶಸ್ತ್ರಚಿಕಿತ್ಸೆಯ ಬಲವೇ ಹೆಚ್ಚು ಎಂಬುದು ಇಂದಿಗೂ ನಿಜ. ಇನ್ನು ಜಠರದ ದೊಡ್ಡ ಭಾಗವನ್ನು ಕತ್ತರಿಸಿ ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆ ಇಂದು ಹೆಚ್ಚು ಜನಪ್ರಿಯ. ಅಕ್ಕನಿಗೆ ಎದೆಯುರಿ ಮತ್ತು ಹುಳಿತೇಗು ಮೊದಲಿನಿಂದಲೂ ತೀವ್ರವಾಗಿದ್ದುದರಿಂದ, ಸ್ಲೀವ್ ಅದನ್ನು ಹೆಚ್ಚಿಸಬಹುದೆಂದು ವೈದ್ಯರು ಬೈಪಾಸನ್ನೇ ಆರಿಸಿದರು.

ಅಪಾಯಗಳಿವೆ. ಅನುಭವಿಗಳ ಕೈಯಲ್ಲಿ ಶಸ್ತ್ರಚಿಕಿತ್ಸೆಯಿಂದ ಸಾವು ಸಂಭವಿಸುವುದು ಸಾವಿರಕ್ಕೆ ಕೆಲವರಲ್ಲಿ ಮಾತ್ರ. ಆದರೂ ಜೋಡಣೆಯ ಜಾಗದಲ್ಲಿ ಸೋರಿಕೆ, ರಕ್ತಸ್ರಾವ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುವುದು ಇವೆಲ್ಲ ಸಾಧ್ಯ. ತೂಕ ವೇಗವಾಗಿ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಅದನ್ನು ತಡೆಯಲು ಮೊದಲ ಆರು ತಿಂಗಳು ಮಾತ್ರೆ ಕೊಡುವುದುಂಟು. ಮೂರನೇ ತಿಂಗಳಿನ ಹೊತ್ತಿಗೆ ಅಕ್ಕನ ಕೂದಲು ಬಾಚಣಿಗೆ ತುಂಬ ಉದುರತೊಡಗಿದಾಗ ನಮ್ಮಮ್ಮ ಗಾಬರಿಯಾದರು. ಅದು ಬಹುಪಾಲು ತಾತ್ಕಾಲಿಕ, ಒಂದು ವರ್ಷದೊಳಗೆ ಸರಿಹೋಯಿತು.

ನಾನು ಹೆಚ್ಚು ಹೇಳಬೇಕೆಂದಿರುವುದು ಊಟದ ಬಗ್ಗೆ. ಆಸ್ಪತ್ರೆಯಲ್ಲಿ ಕೊಟ್ಟ ಪಥ್ಯದ ಹಾಳೆಯಲ್ಲಿ ಸೂಪು, ಯೋಗರ್ಟು, ಮೀನು ಎಂದೆಲ್ಲ ಅಚ್ಚಾಗಿತ್ತು. ನಮ್ಮದು ಬೇಳೆಸಾರು, ಮಜ್ಜಿಗೆ, ಮುದ್ದೆಯ ಮನೆ. ಮೊದಲ ಎರಡು ವಾರ ತೆಳು ಮಜ್ಜಿಗೆ, ಹೆಸರುಬೇಳೆಯ ಕಟ್ಟು, ಹಾಲಿಗೆ ಬೆರೆಸಿದ ಪ್ರೊಟೀನ್ ಪುಡಿ ಇಷ್ಟೇ. ಅದೂ ಔಷಧಿಯ ಪುಟ್ಟ ಲೋಟದಲ್ಲಿ, ಗುಟುಕು ಗುಟುಕಾಗಿ. ಬಳಿಕ ನುಣ್ಣಗೆ ಕಿವುಚಿದ ಬೇಳೆ, ಮೆತ್ತಗೆ ಬೇಯಿಸಿದ ಮೊಟ್ಟೆ. ಒಂದೂವರೆ ತಿಂಗಳ ಮೇಲೆ ನಿಧಾನವಾಗಿ ಗಟ್ಟಿ ಆಹಾರ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಸೇರಬೇಕು ಎಂದಿದ್ದರು. ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ. ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹೊಟ್ಟೆಯಲ್ಲಿ ಇರುವ ಜಾಗವೋ ಒಂದು ಹಿಡಿ. ಆದ್ದರಿಂದ ತಟ್ಟೆಯ ಕ್ರಮವನ್ನೇ ತಿರುಗಿಸಬೇಕಾಯಿತು: ಮೊದಲು ಬೇಳೆ, ಮೊಟ್ಟೆ ಅಥವಾ ಪನೀರು, ಆಮೇಲೆ ಪಲ್ಯ, ಕೊನೆಗೆ ಜಾಗ ಉಳಿದರೆ ಎರಡು ತುತ್ತು ಅನ್ನ. ಅನ್ನವನ್ನೇ ನಡುವೆ ಇಟ್ಟು ಉಳಿದದ್ದನ್ನು ಅದರ ಸುತ್ತ ಬಡಿಸುವುದನ್ನು ರೂಢಿಸಿಕೊಂಡ ಮನೆಗೆ ಇದು ಚಿಕ್ಕ ಬದಲಾವಣೆಯಲ್ಲ.

ಮುದ್ದೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಚಿಕ್ಕಂದಿನಿಂದ ಕಲಿತವರು ನಾವು. ಬೈಪಾಸ್ ಆದವರಿಗೆ ಇದು ಸಲ್ಲದು. ಚೀಲದಿಂದ ಕರುಳಿಗೆ ಹೋಗುವ ದಾರಿಯೇ ಒಂದೂವರೆ ಸೆಂಟಿಮೀಟರಿನ ಆಸುಪಾಸು; ನುಂಗಿದ ಮುದ್ದೆಯ ತುತ್ತು ಅಲ್ಲಿ ಸಿಕ್ಕಿಕೊಂಡರೆ ಎದೆಯ ನಡುವೆ ಬಿಗಿದ ನೋವು, ಬಾಯಿ ತುಂಬ ಜೊಲ್ಲು, ಆಮೇಲೆ ವಾಂತಿ. ಪ್ರತಿ ತುತ್ತನ್ನೂ ನೀರಾಗುವವರೆಗೆ ಅಗಿಯಬೇಕು. ಅಕ್ಕ ಈಗ ರಾಗಿಯನ್ನು ಅಂಬಲಿಯಾಗಿ ಮಾತ್ರ ತೆಗೆದುಕೊಳ್ಳುತ್ತಾಳೆ. ಊಟದ ನಡುವೆ ನೀರು ಕುಡಿಯುವುದೂ ನಿಂತಿದೆ. ಊಟಕ್ಕೂ ನೀರಿಗೂ ಅರ್ಧ ಗಂಟೆಯ ಅಂತರವಿರಬೇಕು.

ಇನ್ನು ಸಿಹಿ. ನೆಂಟರ ಮನೆಯ ಗೃಹಪ್ರವೇಶದಲ್ಲಿ ಎಲೆಯ ಮುಂದೆ ಕುಳಿತಿದ್ದಾಗ, ಬಡಿಸುತ್ತಿದ್ದವರು "ಒಂದೇ ಒಂದು ಹೋಳಿಗೆ ಅಕ್ಕಾ, ಶುಭಕಾರ್ಯದಲ್ಲಿ ಬೇಡ ಅನ್ನಬಾರದು" ಎಂದು ಕೈ ಅಡ್ಡ ಹಿಡಿದರೂ ಬಿಡದೆ ಹಾಕಿದರು. ಅವಳು ಮುಕ್ಕಾಲು ಹೋಳಿಗೆ ತಿಂದಳು. ಕಾಲು ಗಂಟೆಯೊಳಗೆ ಮುಖ ಬೆವರಿ, ಎದೆ ಡವಗುಟ್ಟಿ, ಹೊಟ್ಟೆ ಹಿಂಡಿದಂತಾಗಿ ಒಳಗಿನ ಕೋಣೆಯಲ್ಲಿ ಮಲಗಬೇಕಾಯಿತು. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಜಠರದಲ್ಲಿ ನಿಂತು ನಿಧಾನವಾಗಿ ಇಳಿಯಬೇಕಾದ ಸಕ್ಕರೆ ಒಮ್ಮೆಗೇ ಕರುಳಿಗೆ ಸುರಿದಾಗ, ಅದನ್ನು ತಿಳಿಮಾಡಲು ರಕ್ತದಲ್ಲಿನ ನೀರು ಕರುಳಿನೊಳಗೆ ನುಗ್ಗುತ್ತದೆ. ಇನ್ನು ಕೆಲವರಲ್ಲಿ ಒಂದರಿಂದ ಮೂರು ಗಂಟೆಯ ನಂತರ ಇನ್ಸುಲಿನ್ ಅತಿಯಾಗಿ ಸುರಿದು ರಕ್ತದ ಸಕ್ಕರೆಯೇ ಕುಸಿದು ತಲೆ ಸುತ್ತುತ್ತದೆ. ಉಪಚಾರವೆಂದು ಬಲವಂತವಾಗಿ ಬಡಿಸುವ ನಮ್ಮ ಪದ್ಧತಿಯ ಹಿಂದೆ ಪ್ರೀತಿಯಿದೆ ಎಂಬುದನ್ನು ಬಲ್ಲೆ. ಆದರೆ ಬೇಡವೆಂದವರಿಗೆ ಬೇಡವೆಂದೇ ಬಿಟ್ಟುಬಿಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮದ್ಯದ ವಿಷಯದಲ್ಲಿ ಇದು ಇನ್ನೂ ಗಂಭೀರ: ಬೈಪಾಸ್ ಆದ ದೇಹದಲ್ಲಿ ಮದ್ಯ ಬೇಗನೆ, ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ, ಚಟಕ್ಕೆ ಬೀಳುವ ಸಾಧ್ಯತೆಯೂ ಹೆಚ್ಚುತ್ತದೆ.

ಮಾತ್ರೆಗಳನ್ನು ಜೀವಮಾನವಿಡೀ ನುಂಗಬೇಕು. ಕಬ್ಬಿಣಾಂಶವನ್ನೂ ಕ್ಯಾಲ್ಸಿಯಂ ಅನ್ನೂ ಹೆಚ್ಚಾಗಿ ಹೀರಿಕೊಳ್ಳುವುದು ಕರುಳಿನ ಮೊದಲ ಭಾಗ; ಆಹಾರ ಈಗ ಆ ದಾರಿಯಲ್ಲಿ ಹೋಗುವುದೇ ಇಲ್ಲ. ಬಿ12 ಹೀರಿಕೆಗೆ ಜಠರದ ಆಮ್ಲವೂ ಅಲ್ಲಿ ಹುಟ್ಟುವ ಪ್ರೊಟೀನೊಂದೂ ಬೇಕು. ಅವೂ ಆಹಾರದೊಡನೆ ಸರಿಯಾಗಿ ಬೆರೆಯುವುದಿಲ್ಲ. ಆದ್ದರಿಂದ ಮಲ್ಟಿವಿಟಮಿನ್, ಕಬ್ಬಿಣಾಂಶ, ಕ್ಯಾಲ್ಸಿಯಂ ಸಿಟ್ರೇಟ್, ಡಿ ವಿಟಮಿನ್ ಮತ್ತು ಬಿ12 ತಪ್ಪುವಂತಿಲ್ಲ. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆಯಾದರೂ ಅಂತರವಿರಬೇಕು, ಕಬ್ಬಿಣಾಂಶದ ಜೊತೆಗೆ ಕಾಫಿ ಟೀ ಕೂಡದು. ಸಸ್ಯಾಹಾರಿಗಳು ಹೆಚ್ಚಿರುವ, ಹೆಂಗಸರಲ್ಲಿ ರಕ್ತಹೀನತೆ ಮೊದಲೇ ಮನೆಮಾಡಿರುವ ನಮ್ಮಲ್ಲಿ ಈ ಕೊರತೆಗಳು ಬೇಗ ಮೇಲೇಳುತ್ತವೆ. ತೂಕ ಇಳಿದು ಚೆನ್ನಾಗಿ ಕಾಣತೊಡಗಿದ ಮೇಲೆ ಆಸ್ಪತ್ರೆಯ ದಾರಿಯನ್ನೇ ಮರೆಯುವವರು ಬಹಳ. ಬಿ12 ಕೊರತೆ ಕಾಲು ಜೋಮು ಹಿಡಿಯುವುದರಿಂದ ಶುರುವಾಗಿ ನರಗಳಿಗೆ ಶಾಶ್ವತ ಹಾನಿ ಮಾಡಬಲ್ಲದು; ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿದರೆ ಅದು ಮೊದಲೇ ತಿಳಿಯುತ್ತದೆ. ಮಕ್ಕಳನ್ನು ಬಯಸುವ ಹೆಣ್ಣುಮಕ್ಕಳು ಒಂದರಿಂದ ಒಂದೂವರೆ ವರ್ಷ ಕಾಯಬೇಕು. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುವುದರಿಂದ ಆ ಅವಧಿಯಲ್ಲಿ ಎಚ್ಚರವೂ ಬೇಕು.

ಖರ್ಚಿನ ಬಗ್ಗೆ ಒಂದು ಮಾತು. ವಿಮಾ ಕಂಪನಿಯೊಂದು ಮೊದಲಿಗೆ ಇದು ಸೌಂದರ್ಯ ಚಿಕಿತ್ಸೆ ಎಂದು ಅಕ್ಕನ ಅರ್ಜಿಯನ್ನು ತಿರಸ್ಕರಿಸಿತು. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮಾವಳಿ ಹಾಗೆ ಹೇಳುವುದಿಲ್ಲ: ವೈದ್ಯರ ಸಲಹೆಯಿದ್ದು, ವಯಸ್ಸು 18 ದಾಟಿದ್ದು, ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಅದಕ್ಕಿಂತ ಹೆಚ್ಚಿದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ ಅಥವಾ ತೀವ್ರ ನಿದ್ರಾ ಉಸಿರುಕಟ್ಟುವಿಕೆ ಇದ್ದು, ಬೇರೆ ವಿಧಾನಗಳು ಫಲಿಸದಿದ್ದರೆ ಇದನ್ನು ಹೊರಗಿಡುವಂತಿಲ್ಲ. ಪಾಲಿಸಿಯ ಷರತ್ತಿನಂತೆ ಕಾಯುವ ಅವಧಿ ಇರಬಹುದು. ನಿದ್ದೆಯ ಪರೀಕ್ಷೆಯ ವರದಿ, ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಹಳೆಯ ಎ1ಸಿ ವರದಿಗಳು, ಆಹಾರ ತಜ್ಞರ ಚೀಟಿಗಳನ್ನೆಲ್ಲ ಸೇರಿಸಿ ಮತ್ತೆ ಸಲ್ಲಿಸಿದ ಮೇಲೆ ಹಣ ಮಂಜೂರಾಯಿತು. ಹಳೆಯ ಚೀಟಿಗಳನ್ನು ಎಸೆಯಬೇಡಿ. ಇನ್ನೊಂದು ಸಂಗತಿಯೆಂದರೆ, 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಏಷ್ಯಾದವರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುವುದನ್ನು ಗಮನಿಸಿ, ಬಿಎಂಐ 27.5ರಿಂದಲೇ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು ಎನ್ನುತ್ತದೆ. ವೈದ್ಯರ ಮಾತಿಗೂ ವಿಮೆಯ ಮಿತಿಗೂ ಇರುವ ಈ ಅಂತರದಲ್ಲಿ ಸಿಲುಕುವವರು ನಮ್ಮ ಮಧ್ಯಮ ವರ್ಗದವರು.

ಅಕ್ಕನ ತೂಕ ಈಗ 70 ಕೆ.ಜಿ.ಯ ಆಸುಪಾಸಿನಲ್ಲಿದೆ. ನಿದ್ದೆಯ ಯಂತ್ರವನ್ನು ಮರಳಿಸಿಯಾಗಿದೆ, ಸಕ್ಕರೆಗೆ ದಿನಕ್ಕೊಂದು ಸಣ್ಣ ಮಾತ್ರೆ ಸಾಕಾಗಿದೆ. ಅವಳ ಪರ್ಸಿನಲ್ಲಿ ಒಂದು ಚೀಟಿ ಯಾವಾಗಲೂ ಇರುತ್ತದೆ. ಅದರಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿರುವುದನ್ನು, ಮನೆಯಲ್ಲಿ ಬೈಪಾಸ್ ಆದವರಿರುವ ಎಲ್ಲರೂ ಬರೆದಿಟ್ಟುಕೊಳ್ಳಲಿ ಎಂದು ಇಲ್ಲಿ ಕೊಡುತ್ತೇನೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಕೊಡಬೇಡಿ, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್ ಸಾಕು. ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಗ್ಲೂಕೋಸ್ ಡ್ರಿಪ್ ಏರಿಸುವ ಮೊದಲು ಥಯಮಿನ್ (ಬಿ1 ವಿಟಮಿನ್) ಕೊಡಿ, ಇಲ್ಲವಾದರೆ ಮೆದುಳಿಗೆ ಹಾನಿಯಾಗಬಹುದು. ಶಸ್ತ್ರಚಿಕಿತ್ಸೆಯಾಗಿ ಎಷ್ಟೇ ವರ್ಷವಾಗಿರಲಿ, ಹೊಟ್ಟೆನೋವು ತೀವ್ರವಾಗಿ ಬಂದರೆ ಗ್ಯಾಸ್ ಎಂದು ಮನೆಗೆ ಕಳಿಸಬೇಡಿ. ತೂಕ ಇಳಿದ ಮೇಲೆ ಹೊಟ್ಟೆಯೊಳಗಿನ ಸಂದುಗಳಲ್ಲಿ ಕರುಳು ತೂರಿ ಸಿಕ್ಕಿಕೊಳ್ಳುವ ಸಾಧ್ಯತೆಯಿದೆ, ಸಿ.ಟಿ. ಸ್ಕ್ಯಾನ್ ಮಾಡಿಸಿ, ಬೇರಿಯಾಟ್ರಿಕ್ (ಬೊಜ್ಜಿನ) ಶಸ್ತ್ರಚಿಕಿತ್ಸಕರನ್ನು ಕರೆಸಿ. ಚೀಟಿಯ ಕೊನೆಯ ಸಾಲಿನಲ್ಲಿ ಶಸ್ತ್ರಚಿಕಿತ್ಸೆಯ ದಿನಾಂಕವೂ ನನ್ನ ಫೋನ್ ನಂಬರೂ ಇವೆ.